ಉಸಿರಿನ ಸಾಧನೆ ಮತ್ತು ರಕ್ತದೊತ್ತಡ



ಶ್ರಾವಣ ಮಾಸದ ಈ ಪ್ರವಚನಮಾಲೆಯಲ್ಲಿ ಷಟ್‌ಸ್ಥಲಗಳ ವಿಚಾರವನ್ನು ಒಂದೊಂದಾಗಿ ತಮ್ಮ ಮುಂದೆ ಇಡುತ್ತ ಬಂದಿದ್ದೇವೆ. ಭಕ್ತಸ್ಥಲ, ಮಹೇಶಸ್ಥಲ, ಪ್ರಸಾದಿಸ್ಥಲಗಳು ಮುಗಿದು ಇಂದು ನಾಲ್ಕನೆಯದಾದ ಪ್ರಾಣಲಿಂಗಿಸ್ಥಲಕ್ಕೆ ಬಂದಿದ್ದೇವೆ. ಪ್ರಾಣದ ವಿಚಾರ ಬಂದಮೇಲೆ ಉಸಿರಿನ ವಿಚಾರ ಬಾರದೆ ಇರದು. ಉಸಿರಿನ ವಿಚಾರ ಬಂದಾಗ, ಬಹಳ ದಿನಗಳಿಂದ ನಮ್ಮ ಮನಸ್ಸನ್ನು ಕೊರೆಯುತ್ತಿರುವ ಒಂದು ಸಂಗತಿಯನ್ನು ಹೇಳದೆ ಮುಂದಕ್ಕೆ ಹೋಗುವುದು ಸರಿಯಲ್ಲವೆಂದು ನಮಗೆ ತೋರಿದೆ. ಆದುದರಿಂದ ಇಂದು ತತ್ತ್ವದ ಮಾತನ್ನು ಸ್ವಲ್ಪ ಕಡಿಮೆ ಮಾಡಿ, ಉಸಿರಿಗೂ ರಕ್ತದೊತ್ತಡಕ್ಕೂ ಇರುವ ಸಂಬಂಧವನ್ನು ತಮಗೆ ತಿಳಿಸುತ್ತೇವೆ.

ನಮ್ಮ ಮಠಕ್ಕೆ ತಲೆತಲಾಂತರದಿಂದ ನಡೆದುಕೊಳ್ಳುವ ಒಂದು ಮನೆತನದ ಹಿರಿಯರಿದ್ದಾರೆ. ಅವರ ಹೆಸರು ಇಲ್ಲಿ ಬೇಡ. ತೆಂಗು, ಅಡಿಕೆಯ ತೋಟ ಮಾಡಿಕೊಂಡು ಕಾಯಕದಲ್ಲಿ ನಿಷ್ಠೆಯಿಂದ ಇದ್ದವರು. ಅವರಿಗೆ ರಕ್ತದೊತ್ತಡ ಹೆಚ್ಚಾಗಿದೆಯೆಂದು ವೈದ್ಯರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. ಒಂದು ದಿನ ಅವರು ಮಠಕ್ಕೆ ಬಂದು, "ಬುದ್ಧಿ, ಈ ಮಾತ್ರೆ ಸಾಯೋತನಕ ನುಂಗಬೇಕಂತೆ. ಬೇರೆ ದಾರಿ ಏನಾದರೂ ಇದ್ದರೆ ಅಪ್ಪಣೆ ಕೊಡಿಸಿ" ಎಂದು ಕೇಳಿದರು. ಆಗ ನಮ್ಮ ಸುತ್ತ ಹತ್ತಾರು ಜನರಿದ್ದರು. ನಾವು ಬೇರೊಂದು ಕೆಲಸದ ಗಡಿಬಿಡಿಯಲ್ಲಿದ್ದೆವು. "ಪ್ರಾಣಾಯಾಮ ಮಾಡಿ, ಎಲ್ಲವೂ ಹತೋಟಿಗೆ ಬರುತ್ತದೆ" ಎಂದು ಹೇಳಿ ಆಶೀರ್ವದಿಸಿ ಕಳುಹಿಸಿದೆವು. ಅಷ್ಟೇ ನಾವು ಆಡಿದ ಮಾತು.

ಅವರು ಅಂದಿನಿಂದಲೇ ಮಾತ್ರೆಯನ್ನು ಬಿಟ್ಟರು. ಬೆಳಗಿನ ಜಾವ ಎದ್ದು ಉಸಿರಿನ ಸಾಧನೆ ಮಾಡಿದರು. ತಲೆನೋವಿಲ್ಲ, ಸುಸ್ತಿಲ್ಲ, ತೋಟದ ಕೆಲಸ ಎಂದಿನಂತೆ ನಡೆಯುತ್ತಿತ್ತು. ರೋಗ ಹೋಯಿತೆಂದೇ ನಂಬಿದರು. ಎಂಟು ತಿಂಗಳ ಮೇಲೆ ಒಂದು ಮುಂಜಾನೆ ಎಡಭಾಗಕ್ಕೆ ಲಕ್ವ ಹೊಡೆಯಿತು. ನಾವು ನೋಡಲು ಹೋದಾಗ ಅವರ ಮನೆಯವರು ನಮ್ಮನ್ನು ಒಂದು ಮಾತು ಕೂಡ ದೂರಲಿಲ್ಲ. "ತಾವು ಹೇಳಿದಿರಿ ಅಂತ ಮಾತ್ರೆ ಬಿಟ್ಟಿದ್ದರು ಬುದ್ಧಿ" ಎಂದು ಮಾತ್ರ ಹೇಳಿದರು. ಮಾತ್ರೆ ಬಿಡಿ ಎಂದು ನಾವು ಹೇಳಿರಲಿಲ್ಲ. ಆದರೆ ಬಿಡಬೇಡಿ ಎಂದೂ ಹೇಳಿರಲಿಲ್ಲ. ಕೇಳುವವನಿಗೆ ಗುರುವಿನ ಮಾತಿನ ತೂಕ ಎಷ್ಟಿರುತ್ತದೆ ಎಂಬುದನ್ನು ಹೇಳುವವನು ಮರೆತರೆ ಹೀಗಾಗುತ್ತದೆ. ಅಂದು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಇಂದು ಪೂರ್ತಿಯಾಗಿ ಹೇಳುವುದೇ ಈ ಪ್ರವಚನದ ಉದ್ದೇಶ.

ಮೊದಲು ರಕ್ತದೊತ್ತಡವೆಂದರೆ ಏನೆಂಬುದನ್ನು ತಿಳಿಯಬೇಕು. ಇದು ರೋಗದ ಹೆಸರಲ್ಲ. ಬದುಕಿರುವ ಎಲ್ಲರಿಗೂ ರಕ್ತದೊತ್ತಡ ಇದ್ದೇ ಇರುತ್ತದೆ, ಇಲ್ಲದಿದ್ದರೆ ರಕ್ತವು ಪಾದದಿಂದ ನೆತ್ತಿಯವರೆಗೆ ಹರಿಯುವುದೇ ಇಲ್ಲ. ತಮ್ಮ ತೋಟದ ಪಂಪನ್ನು ನೆನೆದುಕೊಳ್ಳಿ. ಪಂಪು ನೀರನ್ನು ತಳ್ಳುತ್ತದೆ, ಪೈಪು ಅದನ್ನು ಗಿಡದ ಬುಡಕ್ಕೆ ಒಯ್ಯುತ್ತದೆ. ಪಂಪು ಜೋರಾಗಿ ತಳ್ಳಿದರೆ ಪೈಪಿನೊಳಗೆ ಒತ್ತಡ ಏರುತ್ತದೆ. ನೀರು ಹೆಚ್ಚಾದರೂ ಏರುತ್ತದೆ, ಪೈಪು ಕಿರಿದಾದರೂ ಏರುತ್ತದೆ. ನಮ್ಮ ಹೃದಯವೂ ಇಂತಹ ಪಂಪೇ. ನಿಮಿಷಕ್ಕೆ ಸುಮಾರು 70 ಬಾರಿಯಂತೆ ದಿನಕ್ಕೆ ಒಂದು ಲಕ್ಷ ಬಾರಿ ಬಡಿಯುತ್ತದೆ. ರಕ್ತನಾಳಗಳೇ ಪೈಪು. ಭಯ, ಕೋಪ, ಚಿಂತೆಗಳಿಂದ ಹೃದಯ ಜೋರಾಗಿ ಬಡಿಯುತ್ತದೆ, ನಾಳಗಳೂ ಬಿಗಿದುಕೊಳ್ಳುತ್ತವೆ. ಉಪ್ಪು ಹೆಚ್ಚಾಗಿ ತಿಂದರೆ ಶರೀರದಲ್ಲಿ ನೀರು ನಿಲ್ಲುತ್ತದೆ. ವಯಸ್ಸಾದಂತೆ ನಾಳಗಳು ತಮ್ಮ ಮೃದುತ್ವವನ್ನು ಕಳೆದುಕೊಂಡು ಪೆಡಸಾಗುತ್ತವೆ. ಹೀಗೆ ಒತ್ತಡ ಏರುತ್ತ ಹೋಗುತ್ತದೆ.

ವೈದ್ಯರು ಎರಡು ಅಂಕಿಗಳನ್ನು ಹೇಳುತ್ತಾರೆ. ಹೃದಯ ಹಿಂಡಿಕೊಂಡು ರಕ್ತವನ್ನು ತಳ್ಳಿದಾಗಿನ ಒತ್ತಡ ಮೇಲಿನ ಅಂಕಿ, ಹೃದಯ ಸಡಿಲಿಸಿ ವಿರಮಿಸಿದಾಗಿನದು ಕೆಳಗಿನ ಅಂಕಿ. ಪಾದರಸದ ಕಂಬ ಎಷ್ಟು ಮಿಲಿಮೀಟರ್ ಏರಿತೆಂಬುದೇ ಈ ಅಂಕಿಗಳ ಅಳತೆ. ಮೇಲಿನದು 120ಕ್ಕಿಂತ, ಕೆಳಗಿನದು 80ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟುತ್ತಿದ್ದರೆ, ಇಲ್ಲವೆ ದಾಟುತ್ತಿದ್ದರೆ, ಅದನ್ನು ಅಧಿಕ ರಕ್ತದೊತ್ತಡವೆಂದು ಸಾಮಾನ್ಯವಾಗಿ ನಿರ್ಧರಿಸುತ್ತಾರೆ.

ಈ ಒತ್ತಡವನ್ನು ಮೊಟ್ಟಮೊದಲು ಅಳೆದು ಲೋಕಕ್ಕೆ ತಿಳಿಸಿದವರು ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ. ಅವರೂ ಒಂದು ಧರ್ಮಪೀಠದ ಸೇವಕರೇ. ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆಯನ್ನು ಜೋಡಿಸಿದಾಗ ರಕ್ತವು ಎಂಟು ಅಡಿಗೂ ಮೇಲಕ್ಕೆ ಏರಿ ನಿಂತುದನ್ನು ಅವರು 1733ರಲ್ಲಿ ಪುಸ್ತಕದಲ್ಲಿ ಬರೆದರು. ನೋವಿಲ್ಲದೆ ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಸಾಧನವನ್ನು 1896ರಲ್ಲಿ ಇಟಲಿಯ ರಿವಾ ರೊಚ್ಚಿ ಎಂಬ ವೈದ್ಯರು ರೂಪಿಸಿದರು. ಪಟ್ಟಿಯ ಕೆಳಗೆ ನಾಡಿಯ ಸದ್ದನ್ನು ಆಲಿಸಿ ಎರಡೂ ಅಂಕಿಗಳನ್ನು ಗುರುತಿಸುವ ಕ್ರಮವನ್ನು 1905ರಲ್ಲಿ ರಷ್ಯಾದ ಕೊರೊಟ್ಕಾಫ್ ತೋರಿಸಿಕೊಟ್ಟರು.

ಅಳೆಯುವ ಸಾಧನ ಬಂದರೂ ಔಷಧ ಬರುವುದಕ್ಕೆ ಬಹುಕಾಲ ಹಿಡಿಯಿತು. ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್ವೆಲ್ಟ್ ಅವರಿಗೆ ವರ್ಷಗಟ್ಟಲೆ ಅಧಿಕ ರಕ್ತದೊತ್ತಡವಿತ್ತು. 1945ರ ಏಪ್ರಿಲ್ 12ರಂದು ಅವರು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಆ ದಿನ ಅವರ ಒತ್ತಡ 300/190 ಮುಟ್ಟಿತ್ತು. ಅಷ್ಟು ದೊಡ್ಡ ರಾಷ್ಟ್ರದ ಒಡೆಯನಿಗೆ ಅಂದು ದೊರೆಯದೆ ಹೋದ ಔಷಧ ಇಂದು ನಮ್ಮ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಡವನಿಗೂ ದೊರೆಯುತ್ತದೆ. ಇದನ್ನು ಕೈಗೆ ಬಂದ ಪ್ರಸಾದವೆಂದು ಭಾವಿಸದೆ ಹೊರೆಯೆಂದು ಭಾವಿಸುವುದು ಸರಿಯೇ ಎಂದು ತಾವು ವಿಚಾರ ಮಾಡಬೇಕು.

ಈ ಕಾಯಿಲೆಯ ಮೋಸವಿರುವುದು ಅದರ ಮೌನದಲ್ಲಿ. ಹಲ್ಲು ನೋವಾದರೆ ಗೊತ್ತಾಗುತ್ತದೆ, ಕಾಲಿಗೆ ಮುಳ್ಳು ಚುಚ್ಚಿದರೆ ಗೊತ್ತಾಗುತ್ತದೆ. ಒತ್ತಡ 170 ಇದ್ದರೂ ಮನುಷ್ಯ ಗುದ್ದಲಿ ಹಿಡಿದು ಪಾತಿ ಮಾಡಬಲ್ಲ, ಮದುವೆ ಮನೆಯಲ್ಲಿ ಓಡಾಡಬಲ್ಲ. ಒಳಗೆ ಮಾತ್ರ ಮಿದುಳು, ಹೃದಯ, ಮೂತ್ರಪಿಂಡ, ಕಣ್ಣುಗಳ ನಾಳಗಳು ಸವೆಯುತ್ತಿರುತ್ತವೆ. ಜಗತ್ತಿನಲ್ಲಿ 30ರಿಂದ 79 ವರ್ಷ ವಯಸ್ಸಿನ 128 ಕೋಟಿ ಜನರಿಗೆ ಈ ತೊಂದರೆ ಇದೆಯೆಂದೂ, ಅವರಲ್ಲಿ ನೂರಕ್ಕೆ 46 ಜನರಿಗೆ ಅದು ತಮಗಿದೆಯೆಂಬುದೇ ತಿಳಿದಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಲೆಕ್ಕ ಕೊಟ್ಟಿತು. ನಮ್ಮ ಹಿರಿಯರು ಮಾಡಿಕೊಂಡ ತಪ್ಪು ಇಲ್ಲಿಯೇ ಇತ್ತು. ಅವರು ತಮ್ಮ ಒತ್ತಡವನ್ನು ಅಳೆಸಲಿಲ್ಲ, ಸುಸ್ತಿಲ್ಲವೆಂಬುದನ್ನೇ ಅಳತೆಯೆಂದು ತಿಳಿದರು.

ಹಾಗಾದರೆ ಉಸಿರಿನ ಸಾಧನೆ ವ್ಯರ್ಥವೇ? ಖಂಡಿತ ಅಲ್ಲ. ಈಗ ಆ ವಿಚಾರಕ್ಕೆ ಬರುತ್ತೇವೆ.

ಶರೀರದಲ್ಲಿ ಕೆಲವು ಕೆಲಸಗಳು ನಮ್ಮ ಅಧೀನ, ಕೆಲವು ಅಲ್ಲ. ಕೈಯನ್ನು ಎತ್ತೆಂದರೆ ಎತ್ತುತ್ತದೆ. ಹೃದಯವನ್ನು ನಿಧಾನವಾಗಿ ಬಡಿ ಎಂದರೆ ಕೇಳುವುದಿಲ್ಲ. ಆದರೆ ಉಸಿರು ಈ ಎರಡರ ನಡುವಿನ ಹೊಸ್ತಿಲಲ್ಲಿದೆ. ನಾವು ಮರೆತು ನಿದ್ರಿಸಿದಾಗಲೂ ತಾನೇ ನಡೆಯುತ್ತದೆ, ಮನಸ್ಸಿಟ್ಟರೆ ನಾವು ಹೇಳಿದಂತೆಯೂ ನಡೆಯುತ್ತದೆ. ನಮ್ಮ ಯೋಗಶಾಸ್ತ್ರದವರು ಒಂದು ಹಗಲು ರಾತ್ರಿಗೆ 21,600 ಉಸಿರುಗಳೆಂದು ಎಣಿಸಿದರು. ಭಾಗಿಸಿ ನೋಡಿದರೆ ನಿಮಿಷಕ್ಕೆ 15 ಆಗುತ್ತದೆ. ವಿಶ್ರಾಂತಿಯಲ್ಲಿರುವವರ ಉಸಿರು ನಿಮಿಷಕ್ಕೆ 12ರಿಂದ 20 ಎಂದು ಇಂದಿನ ವೈದ್ಯರೂ ಹೇಳುತ್ತಾರೆ. ಕೋಪ ಬಂದಾಗ ಉಸಿರು ಬಿರುಸಾಗುವುದನ್ನೂ, ನೆಮ್ಮದಿಯಿಂದ ಕುಳಿತಾಗ ನಿಧಾನವಾಗುವುದನ್ನೂ ತಾವೇ ಕಂಡಿದ್ದೀರಿ. ಮನಸ್ಸು ಉಸಿರನ್ನು ಬದಲಿಸುವಂತೆ ಉಸಿರೂ ಮನಸ್ಸನ್ನು ಬದಲಿಸಬಲ್ಲುದು.

ಇದು ಹೇಗೆಂದರೆ, ಹೃದಯದಿಂದ ಹೊರಡುವ ಮಹಾನಾಳದಲ್ಲಿಯೂ ಕತ್ತಿನ ಎರಡು ಬದಿಯ ನಾಳಗಳಲ್ಲಿಯೂ ಒತ್ತಡವನ್ನು ಅರಿಯುವ ಸೂಕ್ಷ್ಮವಾದ ನರತಂತುಗಳಿವೆ. ಕೆರೆಯ ನೀರಿನ ಮಟ್ಟ ನೋಡಿ ತೂಬನ್ನು ಎತ್ತುವ, ಇಳಿಸುವ ನೀರುಗಂಟಿಯಂತೆ ಇವು ಕೆಲಸ ಮಾಡುತ್ತವೆ. ಒತ್ತಡ ಏರಿದೊಡನೆ ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಮಿದುಳು ಒಂದು ಕಡೆ ಶರೀರವನ್ನು ಸಂತೈಸುವ ವೇಗಸ್ ಎಂಬ ನರದ ಮೂಲಕ ಹೃದಯವನ್ನು ನಿಧಾನಗೊಳಿಸುತ್ತದೆ, ಮತ್ತೊಂದು ಕಡೆ ನಾಳಗಳನ್ನು ಬಿಗಿಯುವ ನರಗಳ ಪಟ್ಟನ್ನು ಸಡಿಲಿಸುತ್ತದೆ. ರಕ್ತದೊತ್ತಡ ಹೆಚ್ಚಾಗಿರುವವರಲ್ಲಿ ಈ ನೀರುಗಂಟಿ ಮಂದನಾಗಿರುತ್ತಾನೆ. ಏರಿದ ಮಟ್ಟವನ್ನೇ ಸರಿಯೆಂದು ಒಪ್ಪಿಕೊಂಡು ಸುಮ್ಮನಿರುತ್ತಾನೆ.

ಉಸಿರೆಳೆದಾಗ ಹೃದಯದ ಬಡಿತ ಸ್ವಲ್ಪ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ರಕ್ತದೊತ್ತಡದಲ್ಲಿಯೂ ಸುಮಾರು 10 ಸೆಕೆಂಡಿಗೊಮ್ಮೆ ಏಳುವ ಸಹಜವಾದ ಒಂದು ಅಲೆಯಿದೆ. ನಾವು ಉಸಿರನ್ನು 10 ಸೆಕೆಂಡಿಗೆ ಒಂದರಂತೆ, ಅಂದರೆ ನಿಮಿಷಕ್ಕೆ ಆರರಂತೆ ನಡೆಸಿದರೆ, ಉಸಿರಿನ ಅಲೆಯೂ ಒತ್ತಡದ ಅಲೆಯೂ ಒಂದೇ ತಾಳಕ್ಕೆ ಬೀಳುತ್ತವೆ. ಭಜನೆಯಲ್ಲಿ ತಾಳ ಕೂಡಿದಂತೆ. ಆಗ ಆ ನೀರುಗಂಟಿ ಚುರುಕಾಗುತ್ತಾನೆ, ಬಿಗಿದ ನಾಳಗಳು ಸಡಿಲಗೊಳ್ಳುತ್ತವೆ.

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಮುಂಬಯಿಯ ವೈದ್ಯರಾದ ದಾತೆ ಮತ್ತು ಅವರ ಸಂಗಡಿಗರು 47 ರೋಗಿಗಳಿಗೆ ಶವಾಸನವನ್ನೂ ಅದರೊಂದಿಗೆ ನಿಧಾನವಾದ ಹೊಟ್ಟೆಯ ಉಸಿರಾಟವನ್ನೂ ಕಲಿಸಿ, ಅದರ ಫಲವನ್ನು 1969ರಲ್ಲಿ ಪ್ರಕಟಿಸಿದರು. ಹಲವರ ಔಷಧದ ಪ್ರಮಾಣವನ್ನು ಇಳಿಸಲು ಸಾಧ್ಯವಾಯಿತು. ಇಲ್ಲಿ ಗಮನಿಸಬೇಕಾದುದೆಂದರೆ, ಇಳಿಸಿದವರು ಅಳೆದು ನೋಡಿದ ವೈದ್ಯರು, ರೋಗಿಗಳು ತಾವಾಗಿ ಬಿಟ್ಟುದಲ್ಲ. 1973ರಲ್ಲಿ ಇಂಗ್ಲೆಂಡಿನಲ್ಲಿದ್ದ ಚಂದ್ರಾ ಪಟೇಲ್ ಎಂಬ ವೈದ್ಯೆಯು ಯೋಗದ ವಿಶ್ರಾಂತಿಯಿಂದ 20 ರೋಗಿಗಳಿಗೆ ಆದ ಉಪಯೋಗವನ್ನು ಬರೆದರು. 2001ರಲ್ಲಿ ಇಟಲಿಯ ಬರ್ನಾರ್ಡಿ ಮತ್ತು ಸಂಗಡಿಗರು 23 ಜನ ಆರೋಗ್ಯವಂತರಿಂದ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ, ಓಂಕಾರದಿಂದ ಮೊದಲಾಗುವ ಒಂದು ಮಂತ್ರವನ್ನೂ ಹೇಳಿಸಿ ನೋಡಿದರು. ಎರಡರಲ್ಲಿಯೂ ಉಸಿರು ತಾನಾಗಿ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದು, ಆ ನೀರುಗಂಟಿಯ ಚುರುಕು ಹೆಚ್ಚಿತು. ಎರಡು ಬೇರೆ ಧರ್ಮಗಳ ಜಪವು ಶರೀರವನ್ನು ಒಂದೇ ತಾಳಕ್ಕೆ ತಂದಿತೆಂಬುದು ವಿಚಾರಮಾಡತಕ್ಕ ಸಂಗತಿ. 2005ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಅಧಿಕ ರಕ್ತದೊತ್ತಡವಿದ್ದ 20 ಜನರು ನಿಮಿಷಕ್ಕೆ ಆರರಂತೆ ಉಸಿರಾಡಿದಾಗ ಅವರ ಮೇಲಿನ ಅಂಕಿ ಸರಾಸರಿ 150ರಿಂದ 141ಕ್ಕೆ ಇಳಿಯಿತು.

ಈಗ ಸಾಧನೆಯ ಕ್ರಮವನ್ನು ಹೇಳುತ್ತೇವೆ, ಸಮಾಧಾನದಿಂದ ಕೇಳಬೇಕು.

ಬೆಳಿಗ್ಗೆ ಸ್ನಾನವಾದಮೇಲೆ, ಇಷ್ಟಲಿಂಗಪೂಜೆಗೆ ಮೊದಲು, ಹೊಟ್ಟೆ ಹಗುರವಾಗಿರುವಾಗ ಕುಳಿತುಕೊಳ್ಳಿ. ನೆಲದ ಮೇಲೆ ಕುಳಿತರೆ ಮಂಡಿ ನೋಯುವವರು ಕುರ್ಚಿಯ ಮೇಲೆ ಕುಳಿತು ಪಾದಗಳನ್ನು ನೆಲಕ್ಕೆ ಊರಲಿ. ಬೆನ್ನು ನೆಟ್ಟಗಿರಲಿ, ಹೆಗಲು ಸಡಿಲವಾಗಿರಲಿ. ಒಂದು ಕೈಯನ್ನು ಹೊಟ್ಟೆಯ ಮೇಲೆ ಇಡಿ. ಮೊದಲು ಒಂದೆರಡು ನಿಮಿಷ ಏನನ್ನೂ ಮಾಡದೆ, ಉಸಿರು ಹೇಗೆ ಬಂದು ಹೋಗುತ್ತಿದೆಯೆಂದು ನೋಡುತ್ತಿರಿ.

ಎರಡನೆಯದಾಗಿ, ಮೂಗಿನಿಂದ ಮೆಲ್ಲಗೆ ಉಸಿರೆಳೆಯಿರಿ. ಎದೆ ಉಬ್ಬುವ ಬದಲು ಹೊಟ್ಟೆ ಕೈಯನ್ನು ಮುಂದಕ್ಕೆ ತಳ್ಳಬೇಕು. ಎಳೆಯುವಾಗ ಮನಸ್ಸಿನಲ್ಲಿ ಗು-ರು-ಲಿಂ-ಗ ಎಂದು ನಾಲ್ಕು ಅಕ್ಷರ ಎಣಿಸಿರಿ. ಬಿಡುವಾಗ ಓಂ-ನ-ಮಃ-ಶಿ-ವಾ-ಯ ಎಂದು ಷಡಕ್ಷರವನ್ನು ಒಂದು ಸೆಕೆಂಡಿಗೆ ಒಂದಕ್ಷರದಂತೆ ಎಣಿಸುತ್ತ ಬಿಡಿ. ನಾಲ್ಕು ಮತ್ತು ಆರು ಸೇರಿ ಹತ್ತಾಯಿತು, ನಿಮಿಷಕ್ಕೆ ಆರು ಉಸಿರಾಯಿತು. ಗಡಿಯಾರ ಬೇಕಾಗಿಲ್ಲ, ಮಂತ್ರವೇ ಗಡಿಯಾರ. ಇದು ಎಣಿಕೆಯ ಅನುಕೂಲಕ್ಕಾಗಿ ನಾವು ಮಾಡಿಕೊಂಡ ಕ್ರಮ, ಶಾಸ್ತ್ರದ ವಿಧಿಯೆಂದು ತಿಳಿಯಬಾರದು. ನಡುವೆ ಎಲ್ಲಿಯೂ ಉಸಿರನ್ನು ಕಟ್ಟಬಾರದು. ಮೊದಲ ದಿನಗಳಲ್ಲಿ ಇಷ್ಟು ಉದ್ದಕ್ಕೆ ಉಸಿರು ಸಾಲದೆ ಹೋದರೆ ಮೂರಕ್ಕೆ ಎಳೆದು ನಾಲ್ಕಕ್ಕೆ ಬಿಡಿ. ಎಳೆಯುವುದಕ್ಕಿಂತ ಬಿಡುವುದು ದೀರ್ಘವಾಗಿರುವುದು ಮುಖ್ಯ. ಐದು ನಿಮಿಷದಿಂದ ಆರಂಭಿಸಿ, ಎರಡು ಮೂರು ವಾರಗಳಲ್ಲಿ ಹದಿನೈದು ನಿಮಿಷಕ್ಕೆ ಏರಿಸಿರಿ. ಸಂಜೆ ಇನ್ನೊಂದು ಸಲ ಮಾಡಿದರೆ ಇನ್ನೂ ಒಳ್ಳೆಯದು.

ಮೂರನೆಯದು ನಾಡಿಶೋಧನ. ಬಲಗೈಯ ಹೆಬ್ಬೆರಳಿನಿಂದ ಬಲಹೊಳ್ಳೆಯನ್ನು ಮುಚ್ಚಿ ಎಡಹೊಳ್ಳೆಯಿಂದ ಎಳೆಯಿರಿ. ಉಂಗುರ ಬೆರಳಿನಿಂದ ಎಡಹೊಳ್ಳೆಯನ್ನು ಮುಚ್ಚಿ ಬಲದಿಂದ ಬಿಡಿ. ಬಲದಿಂದಲೇ ಎಳೆದು ಎಡದಿಂದ ಬಿಟ್ಟರೆ ಒಂದು ಸುತ್ತಾಯಿತು. ಇಲ್ಲಿಯೂ ಕುಂಭಕ ಬೇಡ. ಐದಾರು ಸುತ್ತು ಸಾಕು. ನೆಗಡಿಯಿಂದ ಮೂಗು ಕಟ್ಟಿದ ದಿನ ಇದನ್ನು ಬಿಡಿ.

ನಾಲ್ಕನೆಯದು ಭ್ರಾಮರಿ. ಮೂಗಿನಿಂದ ಉಸಿರೆಳೆದು, ತುಟಿಗಳನ್ನು ಮುಚ್ಚಿ, ಬಿಡುವಾಗ ದುಂಬಿಯಂತೆ ಸಣ್ಣಗೆ ಝೇಂಕರಿಸಿರಿ. ಝೇಂಕಾರ ಮಾಡುವಾಗ ಉಸಿರು ತಾನಾಗಿ ದೀರ್ಘವಾಗುತ್ತದೆ. ಕಿವಿಯನ್ನು ಬಲವಾಗಿ ಒತ್ತಬೇಕಾಗಿಲ್ಲ. ಐದು ಸಲ ಮಾಡಿ ಸುಮ್ಮನೆ ಕುಳಿತುಕೊಳ್ಳಿ. ಆಮೇಲೆ ಲಿಂಗವನ್ನು ಎಡ ಅಂಗೈಯಲ್ಲಿ ಇರಿಸಿಕೊಂಡು ಪೂಜೆಗೆ ತೊಡಗಿರಿ. ಅಂದಿನ ಪೂಜೆಯಲ್ಲಿ ದೃಷ್ಟಿ ಎಷ್ಟು ಸುಲಭವಾಗಿ ನಿಲ್ಲುತ್ತದೆಯೆಂಬುದನ್ನು ತಾವೇ ನೋಡಿಕೊಳ್ಳಿ.

ಮಾಡಬಾರದವುಗಳನ್ನೂ ಹೇಳಬೇಕು. ಕಮ್ಮಾರನ ತಿದಿಯಂತೆ ಬಿರುಸಾಗಿ ಉಸಿರಾಡುವ ಭಸ್ತ್ರಿಕೆ, ಹೊಟ್ಟೆಯನ್ನು ಬಡಿದು ಬಡಿದು ಉಸಿರು ಹೊರಹಾಕುವ ಕಪಾಲಭಾತಿ, ದೀರ್ಘಕಾಲ ಉಸಿರು ಕಟ್ಟುವ ಕುಂಭಕ, ತಲೆಕೆಳಗಾಗಿ ನಿಲ್ಲುವ ಶೀರ್ಷಾಸನ, ಇವುಗಳನ್ನು ರಕ್ತದೊತ್ತಡ ಹೆಚ್ಚಿರುವವರು ಮಾಡಬಾರದು. ಇವು ಒತ್ತಡವನ್ನು ಇಳಿಸುವ ಬದಲು ಏರಿಸಬಹುದು. ದೂರದರ್ಶನದಲ್ಲಿ, ಮೊಬೈಲಿನಲ್ಲಿ ನೋಡಿ ಮಾಡುವವರು ಇದನ್ನು ಮರೆಯುತ್ತಾರೆ. ಸಾಧನೆಯ ನಡುವೆ ತಲೆ ಸುತ್ತಿದರೆ, ಬೆರಳು ಜುಮ್ಮೆಂದರೆ, ಉಸಿರು ಕಟ್ಟಿದಂತಾದರೆ ನಿಲ್ಲಿಸಿ ಸಹಜವಾಗಿ ಉಸಿರಾಡಿ. ಹೃದಯದ ಅಥವಾ ಶ್ವಾಸಕೋಶದ ಕಾಯಿಲೆಯಿದ್ದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಗರ್ಭಿಣಿಯರಿಗೆ ಒತ್ತಡ ಏರಿದರೆ ಅದು ತಾಯಿಗೂ ಮಗುವಿಗೂ ಅಪಾಯ, ಅಲ್ಲಿ ಮನೆಮದ್ದಿಗೆ ಎಡೆಯಿಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಉಸಿರಿನ ಸಾಧನೆಯಲ್ಲಿ ಆತುರ ಸಲ್ಲದೆಂಬುದು ಹಳೆಯ ಮಾತು. ಹಠಯೋಗ ಪ್ರದೀಪಿಕೆಯೂ ಕಾಡಿನ ಮೃಗವನ್ನು ಪಳಗಿಸುವಂತೆ ಮೆಲ್ಲಮೆಲ್ಲನೆ ಪಳಗಿಸಬೇಕೆಂದು ಎಚ್ಚರಿಸುತ್ತದೆ. ಆ ಗ್ರಂಥವು ಸ್ಮರಿಸುವ ಸಿದ್ಧರ ಸಾಲಿನಲ್ಲಿ ನಮ್ಮ ಅಲ್ಲಮಪ್ರಭುದೇವರ ಹೆಸರೂ ಇದೆಯೆಂಬುದನ್ನು ತಾವು ತಿಳಿದಿರಬೇಕು. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಗೋರಕ್ಷನ ಕಥೆ ತಮಗೆಲ್ಲ ಗೊತ್ತೇ ಇದೆ. ಯೋಗಸಾಧನೆಯಿಂದ ದೇಹವನ್ನು ವಜ್ರದಂತೆ ಮಾಡಿಕೊಂಡ ಗೋರಕ್ಷನಿಗೆ ಕತ್ತಿ ತಗುಲಿದರೆ ಖಣಿಲೆಂದು ಸದ್ದಾಯಿತು. ಪ್ರಭುವಿನ ದೇಹದಲ್ಲಿ ಕತ್ತಿ ಬಯಲಲ್ಲಿ ಆಡಿದಂತೆ ಆಡಿತು. ದೇಹವನ್ನು ಗಟ್ಟಿಮಾಡಿಕೊಂಡೆನೆಂಬ ಅಹಂಕಾರವೇ ಸಾಧಕನಿಗೆ ತೊಡಕೆಂಬುದು ಆ ಕಥೆಯ ಸಾರ. "ನಾನು ಪ್ರಾಣಾಯಾಮ ಮಾಡುತ್ತೇನೆ, ನನಗೆ ಮಾತ್ರೆ ಏಕೆ" ಎನ್ನುವುದರಲ್ಲಿಯೂ ಗೋರಕ್ಷನ ಆ ಸದ್ದು ಸ್ವಲ್ಪ ಕೇಳಿಬರುತ್ತದೆ.

ಈಗ ಲೆಕ್ಕದ ಮಾತು. ಅನೇಕ ಅಧ್ಯಯನಗಳನ್ನು ಕೂಡಿಸಿ ನೋಡಿದವರು, ವಾರಗಟ್ಟಲೆ ಬಿಡದೆ ನಿಧಾನ ಉಸಿರಾಟ ಮಾಡಿದರೆ ಮೇಲಿನ ಅಂಕಿ ಸರಾಸರಿ ಐದರಷ್ಟು ಇಳಿಯಬಹುದೆನ್ನುತ್ತಾರೆ. ಕೆಲವರಿಗೆ ಹೆಚ್ಚು, ಕೆಲವರಿಗೆ ಏನೂ ಇಲ್ಲ. ಸಾಮಾನ್ಯ ಪ್ರಮಾಣದ ಒಂದು ಮಾತ್ರೆಯಿಂದ ಸುಮಾರು ಒಂಬತ್ತು ಇಳಿಯುತ್ತದೆ. ಒತ್ತಡ 170 ಇರುವವರು 130ಕ್ಕೆ ಬರಬೇಕಾದರೆ 40 ಇಳಿಯಬೇಕು. ಐದರಿಂದ 40ನ್ನು ತೀರಿಸುವುದು ಹೇಗೆ? ನೂರು ರೂಪಾಯಿ ಸಾಲಕ್ಕೆ ಹನ್ನೆರಡು ರೂಪಾಯಿ ಕೊಟ್ಟು ಪತ್ರ ಹರಿದು ಹಾಕಿದಂತೆ ಆಗುತ್ತದೆ. 132, 135 ಇರುವವರಿಗೆ ಅದೇ ಐದು ಬಹಳ ದೊಡ್ಡದು, ಮಾತ್ರೆಯ ಹಂತಕ್ಕೆ ಹೋಗುವುದನ್ನೇ ಅದು ಮುಂದೂಡಬಹುದು. ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಮಾತ್ರೆಯ ಜೊತೆಗಾರ. ಸಾಧನೆಯಿಂದ ಒತ್ತಡ ಇಳಿದರೆ ಮಾತ್ರೆಯನ್ನು ಇಳಿಸುವವರು ವೈದ್ಯರೇ. ಅವರ ಮುಂದೆ ಅಂಕಿಗಳನ್ನು ಇಟ್ಟು ಕೇಳಬೇಕು.

ಆ ಅಂಕಿಯನ್ನು ಸರಿಯಾಗಿ ಅಳೆಯಬೇಕು. ಅರ್ಧ ಗಂಟೆ ಮುಂಚೆ ಕಾಫಿ, ಚಹ, ಬೀಡಿ, ಹೊಗೆಸೊಪ್ಪು ಬೇಡ. ಮೂತ್ರವಿಸರ್ಜನೆ ಮಾಡಿ, ಬೆನ್ನಿಗೆ ಆಧಾರವಿಟ್ಟು ಐದು ನಿಮಿಷ ಮಾತಾಡದೆ ಕುಳಿತಿರಿ. ತೋಳು ಹೃದಯದ ಮಟ್ಟದಲ್ಲಿರಲಿ, ಕಾಲ ಮೇಲೆ ಕಾಲು ಹಾಕಬೇಡಿ. ಒಂದು ನಿಮಿಷ ಬಿಟ್ಟು ಎರಡು ಸಲ ಅಳೆದು ತಾರೀಖಿನೊಂದಿಗೆ ಬರೆದಿಡಿ. ಉಸಿರಿನ ಸಾಧನೆ ಮುಗಿಸಿದ ಕೂಡಲೇ ಅಳೆದು ಸಂತೋಷಪಡಬೇಡಿ. ಆ ಇಳಿತ ಆ ಹೊತ್ತಿನದು, ದಿನದ ಉಳಿದ ಹೊತ್ತಿನದನ್ನು ತಿಳಿಯಬೇಕು.

ಉಪ್ಪಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹದ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾರಿನಲ್ಲಿ ಉಪ್ಪು, ಮುದ್ದೆಯ ಪಕ್ಕದಲ್ಲಿ ಉಪ್ಪಿನಕಾಯಿ, ಮೇಲೆ ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ. ನಮ್ಮ ಎಲೆಯ ಮೇಲೆ ಅದರ ಎರಡರಷ್ಟು ಬೀಳುತ್ತದೆ. ಬೆಳಿಗ್ಗೆ ಹದಿನೈದು ನಿಮಿಷ ಉಸಿರನ್ನು ಸಾಧಿಸಿ ಮಧ್ಯಾಹ್ನ ಎಲೆಯ ತುದಿಯಲ್ಲಿ ಉಪ್ಪು ಬಡಿಸಿಕೊಂಡರೆ ಪಂಪನ್ನು ನಿಧಾನ ಮಾಡಿ ತೊಟ್ಟಿಗೆ ನೀರು ತುಂಬಿದಂತೆ. ದಿನವೂ ಅರ್ಧ ಗಂಟೆ ನಡೆಯಿರಿ, ಹೊಗೆಸೊಪ್ಪನ್ನೂ ಮದ್ಯವನ್ನೂ ಬಿಡಿ, ತೂಕ ಹೆಚ್ಚಿದ್ದರೆ ಇಳಿಸಿರಿ. ದಾಸೋಹದ ಅಡಿಗೆಯಲ್ಲಿಯೂ ಉಪ್ಪನ್ನು ಕಡಿಮೆ ಮಾಡಲು ನಮ್ಮ ಅಡಿಗೆಯವರಿಗೆ ಹೇಳಿದ್ದೇವೆ. ರುಚಿ ಕಡಿಮೆಯೆಂದು ಯಾರೂ ಬೇಸರಪಡಬಾರದು.

ಒತ್ತಡ 180/120 ದಾಟಿದ್ದು, ಜೊತೆಗೆ ಎದೆನೋವು, ಉಸಿರುಕಟ್ಟು, ತೀವ್ರವಾದ ತಲೆನೋವು, ಕಣ್ಣು ಮಂಜಾಗುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಂಕಿ ಎಷ್ಟೇ ಇರಲಿ, ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ ಅದು ಲಕ್ವದ ಗುರುತು. ಆಗ ಪ್ರಾಣಾಯಾಮವಲ್ಲ, ವಿಭೂತಿಯಲ್ಲ, ನಾಟಿಮದ್ದಿನ ಹುಡುಕಾಟವಲ್ಲ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಕೆಲವು ಲಕ್ವಗಳಿಗೆ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡುವ ಔಷಧವಿದೆ. ನಮ್ಮ ಹಿರಿಯರನ್ನು ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು.

ಕಳೆದ ವಾರ ಒಬ್ಬ ತಾಯಿ ನಮ್ಮನ್ನು ಕೇಳಿದರು: "ಬುದ್ಧಿ, ಲಿಂಗವನ್ನು ನಂಬಿದವರು ಮಾತ್ರೆಯನ್ನೂ ನಂಬಿದರೆ ಅದು ನಂಬಿಕೆ ಕಡಿಮೆಯಾದ ಹಾಗಲ್ಲವೇ?" ಒಳ್ಳೆಯ ಪ್ರಶ್ನೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣ ಎಂಬುವರಿದ್ದರು. ಹೆಸರೇ ಹೇಳುವಂತೆ ವೈದ್ಯವೇ ಅವರ ಕಾಯಕ. ರೋಗ, ಔಷಧಗಳ ಮಾತಿನಲ್ಲಿಯೇ ಅವರು ತತ್ತ್ವವನ್ನು ಹೇಳಿದರು. ಶರಣರು ಅವರನ್ನು ತಮ್ಮ ನಡುವೆ ಕೂರಿಸಿಕೊಂಡರೇ ಹೊರತು, ಲಿಂಗವಿರುವಾಗ ವೈದ್ಯನೇಕೆ ಎಂದು ಕಳುಹಿಸಲಿಲ್ಲ. ನೇಯುವವನ ಕಾಯಕದಿಂದ ಬಟ್ಟೆ ಉಡುತ್ತೇವೆ, ಉಳುವವನ ಕಾಯಕದಿಂದ ಉಣ್ಣುತ್ತೇವೆ. ವೈದ್ಯನ ಕಾಯಕದ ಫಲವನ್ನು ಮಾತ್ರ ಬೇಡವೆನ್ನುವುದು ಯಾವ ಭಕ್ತಿ? ತಮಗೆ ಇನ್ನೊಂದು ಸಂಗತಿಯನ್ನೂ ಹೇಳುತ್ತೇವೆ. ನಮಗೂ ರಕ್ತದೊತ್ತಡವಿದೆ. ನಾವೂ ಪ್ರತಿದಿನ ಮುಂಜಾನೆ ಈ ಉಸಿರಿನ ಸಾಧನೆ ಮಾಡಿ, ಲಿಂಗಪೂಜೆ ಮುಗಿಸಿ, ಪ್ರಸಾದ ಸ್ವೀಕರಿಸಿದಮೇಲೆ ಒಂದು ಮಾತ್ರೆಯನ್ನು ತೆಗೆದುಕೊಳ್ಳುತ್ತೇವೆ. ಇದುವರೆಗೆ ಅದನ್ನು ಒಳಗಿನ ಕೋಣೆಯಲ್ಲಿ ತೆಗೆದುಕೊಳ್ಳುತ್ತಿದ್ದೆವು. ಆ ಹಿರಿಯರಿಗೆ ಲಕ್ವ ಹೊಡೆದಂದಿನಿಂದ ಎಲ್ಲರ ಎದುರಿಗೇ ತೆಗೆದುಕೊಳ್ಳುತ್ತಿದ್ದೇವೆ. ನಮ್ಮನ್ನು ನೋಡಿ ಒಬ್ಬರಾದರೂ ಮಾತ್ರೆ ಬಿಡದಿದ್ದರೆ ಅಷ್ಟು ಸಾಕು.

ಆ ಹಿರಿಯರು ಇಂದಿಗೂ ಪ್ರತಿ ಸೋಮವಾರ ಕೋಲು ಊರಿಕೊಂಡು ಮಠಕ್ಕೆ ಬರುತ್ತಾರೆ. ಲಿಂಗವನ್ನು ಹಿಡಿಯಬೇಕಾದ ಎಡಗೈಗೆ ಈಗ ಬಲವಿಲ್ಲ. ಪೂಜೆಯ ಹೊತ್ತಿನಲ್ಲಿ ಅವರ ಮನೆಯವರು ತಮ್ಮ ಅಂಗೈಯನ್ನು ಅವರ ಅಂಗೈಯ ಕೆಳಗೆ ಇಟ್ಟು ಹಿಡಿದಿರುತ್ತಾರೆ. ನಿಧಾನವಾಗಿ ಉಸಿರಾಡುತ್ತ ಇಬ್ಬರೂ ಷಡಕ್ಷರವನ್ನು ಹೇಳುತ್ತಾರೆ. ಮಾತ್ರೆಯನ್ನೂ ತಪ್ಪದೆ ತೆಗೆದುಕೊಳ್ಳುತ್ತಾರೆ. ಅವರಿಗೆ ನಮ್ಮ ಮೇಲೆ ಬೇಸರವಿಲ್ಲ. ಆದರೆ ಆ ಎರಡು ಕೈಗಳನ್ನು ನೋಡಿದಾಗಲೆಲ್ಲ ನಾವು ಅಂದು ಹೇಳದೆ ಬಿಟ್ಟ ಅರ್ಧ ಮಾತು ನಮಗೆ ನೆನಪಾಗುತ್ತದೆ.

ಆದುದರಿಂದ ಇಂದು ಮನೆಗೆ ಹೋದಮೇಲೆ ತಾವು ಮಾಡಬೇಕಾದುದು ಮೂರು ಕೆಲಸ. 30 ವರ್ಷ ದಾಟಿದ ಪ್ರತಿಯೊಬ್ಬರೂ ಈ ವಾರದೊಳಗೆ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತದೊತ್ತಡವನ್ನು ಅಳೆಸಿಕೊಳ್ಳಿ. ನಾಳೆ ಮುಂಜಾನೆಯಿಂದ ಐದು ನಿಮಿಷ ಉಸಿರಿನ ಸಾಧನೆಯನ್ನು ಆರಂಭಿಸಿ. ಮಾತ್ರೆ ತೆಗೆದುಕೊಳ್ಳುವವರು ಯಾರ ಮಾತಿಗೂ, ನಮ್ಮ ಮಾತಿಗೂ ಸಹ, ವೈದ್ಯರನ್ನು ಕೇಳದೆ ಅದನ್ನು ಬಿಡಬೇಡಿ. ಪ್ರಾಣಲಿಂಗಿಸ್ಥಲದ ಉಳಿದ ವಿಚಾರವನ್ನು ನಾಳೆ ಮುಂದುವರಿಸುತ್ತೇವೆ.

ಗುರುಬಸವಾದಿ ಪ್ರಮಥರ ಕೃಪೆಯಿಂದ ತಮ್ಮೆಲ್ಲರ ಉಸಿರು ಶಾಂತವಾಗಿ, ಆಯುಷ್ಯ ಆರೋಗ್ಯಗಳು ವೃದ್ಧಿಯಾಗಲೆಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.